ಯಹೂದಿಗಳಿಗೆ ಬೇರೆ ಕಡೆ ಜಾಗ ಇರಲಿಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇತಿಹಾಸ ಪಾಠ ಮಾಡಿಕೊಂಡಿದ್ದವನು. ಟಿವಿಯಲ್ಲಿ ಗಾಜಾ ಸುದ್ದಿ ಬಂದಾಗಲೆಲ್ಲ ಯಾರಾದರೂ ಹಿಡಿದು ನಿಲ್ಲಿಸುತ್ತಾರೆ. ಹಳೇ ವಿದ್ಯಾರ್ಥಿಗಳು, ಬೆಳಗಿನ ವಾಕಿಂಗ್ ಗೆಳೆಯರು, ಈಗಲೂ ಕಾಗದ ಬರೆಯುವ ಒಬ್ಬಿಬ್ಬರು. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು. ಇವತ್ತಿನ ಯುದ್ಧದ ಲೆಕ್ಕ ಇಲ್ಲಿಲ್ಲ. ಇದು 1948ರವರೆಗಿನ ಹುಡುಕಾಟದ ಕಥೆ.

ಬುಡದಿಂದ

ಜಿಯೋನಿಸಂ ಅಂದ್ರೆ ಏನು ಸಾರ್? ಯಹೂದಿ ಧರ್ಮಕ್ಕೇ ಇನ್ನೊಂದು ಹೆಸರಾ?

ಅಲ್ಲ. ಯಹೂದಿ ಧರ್ಮಕ್ಕೆ ಸಾವಿರಾರು ವರ್ಷಗಳ ವಯಸ್ಸು. ಜಿಯೋನಿಸಂ 19ನೇ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಹುಟ್ಟಿದ ರಾಜಕೀಯ ಚಳವಳಿ. ಯಹೂದಿಗಳು ಬರೀ ಒಂದು ಮತದವರಲ್ಲ, ಒಂದು ಜನಾಂಗ, ಅವರಿಗೂ ಒಂದು ನೆಲೆ ಬೇಕು ಅನ್ನುವುದು ಅದರ ಸಾರ. ಸಿಯೋನ್ ಎಂಬುದು ಜೆರುಸಲೇಮಿನ ಒಂದು ಬೆಟ್ಟದ ಹೆಸರು. ಚಳವಳಿಯ ಹೆಸರು ಬಂದದ್ದು ಅಲ್ಲಿಂದ.

ಆದರೆ ಹೆಸರಿನಲ್ಲಿ ಜೆರುಸಲೇಂ ಇದ್ದ ಮಾತ್ರಕ್ಕೆ ಮೊದಲ ದಿನದಿಂದಲೂ ಎಲ್ಲರ ಕಣ್ಣು ಜೆರುಸಲೇಮಿನ ಮೇಲೇ ಇತ್ತು ಅಂದುಕೊಳ್ಳಬೇಡಿ. ಚಳವಳಿಯ ನಾಯಕ ಥಿಯೋಡರ್ ಹರ್ಟ್ಸಲ್ 1896ರಲ್ಲಿ ಬರೆದ ಕಿರುಪುಸ್ತಕದಲ್ಲಿ ಒಂದು ಪ್ರಶ್ನೆಯನ್ನು ನೇರವಾಗಿ ಎತ್ತಿದ್ದಾನೆ: ಪ್ಯಾಲೆಸ್ತೀನೋ, ಅರ್ಜೆಂಟೀನಾನೋ? ಎರಡರ ಒಳ್ಳೆಯ ಗುಣಗಳನ್ನೂ ತೂಗಿ ನೋಡಿದ್ದಾನೆ.

ಇದ್ದಲ್ಲೇ ಹೊಂದಿಕೊಂಡು ಇರಬಹುದಿತ್ತಲ್ಲ? ಪ್ರತ್ಯೇಕ ದೇಶವೇ ಯಾಕೆ?

ಹೊಂದಿಕೊಂಡು ಇರಲು ಬಿಟ್ಟಿದ್ದರೆ ಇರುತ್ತಿದ್ದರು. ಆಗ ಜಗತ್ತಿನ ಯಹೂದಿಗಳಲ್ಲಿ ಅತಿ ಹೆಚ್ಚು ಮಂದಿ ಇದ್ದದ್ದು ರಷ್ಯಾ ಚಕ್ರವರ್ತಿಯ ಕೈಕೆಳಗೆ. ಪಶ್ಚಿಮದ ಗಡಿಪ್ರದೇಶಗಳಲ್ಲಿ ಮಾತ್ರ ವಾಸಕ್ಕೆ ಅವಕಾಶ. ಶಾಲೆಗೆ ಸೇರಲು ಮಿತಿ, ಹಳ್ಳಿಯಲ್ಲಿ ಜಮೀನು ಕೊಳ್ಳಲು ಅಡ್ಡಿ. 1881ರಲ್ಲಿ ಚಕ್ರವರ್ತಿಯ ಕೊಲೆಯಾದ ಮೇಲೆ ಊರೂರಲ್ಲಿ ಯಹೂದಿ ಕೇರಿಗಳ ಮೇಲೆ ದಾಳಿ ನಡೆದವು. 1903ರ ಏಪ್ರಿಲ್‌ನಲ್ಲಿ ಕಿಷಿನೇವ್ ಎಂಬ ಊರಿನಲ್ಲಿ ಎರಡು ದಿನ ಗುಂಪುಗಳು ಮನೆಮನೆಗೆ ನುಗ್ಗಿ 49 ಜನರನ್ನು ಕೊಂದವು.

ರಷ್ಯಾ ಬಿಡಿ, ಹಿಂದುಳಿದದ್ದು ಅನ್ನಬಹುದು. ಸಮಾನತೆಯ ಮಾತಾಡುತ್ತಿದ್ದ ಫ್ರಾನ್ಸ್‌ನಲ್ಲೇ 1894ರಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ಗೂಢಚಾರಿಕೆಯ ಸುಳ್ಳು ಆರೋಪ ಹೊರಿಸಿ ಶಿಕ್ಷೆ ಕೊಟ್ಟರು. ಪತ್ರಕರ್ತನಾಗಿ ಪ್ಯಾರಿಸ್‌ನಲ್ಲಿದ್ದ ಹರ್ಟ್ಸಲ್ ಆ ಸುದ್ದಿ ಬರೆದವನು.

ಇನ್ನೊಂದು ಮಾತು. 1881ರಿಂದ 1914ರವರೆಗೆ ಪೂರ್ವ ಯುರೋಪ್ ಬಿಟ್ಟ ಯಹೂದಿಗಳು ಸುಮಾರು 20 ಲಕ್ಷ. ಅವರಲ್ಲಿ ಬಹುಪಾಲು ಹೋದದ್ದು ಅಮೆರಿಕಕ್ಕೆ. ಪ್ಯಾಲೆಸ್ತೀನಿಗೆ ಹೋದವರು ಅರವತ್ತು ಎಪ್ಪತ್ತು ಸಾವಿರ ಮಾತ್ರ. ಜನ ತಮ್ಮ ಕಾಲಿನಿಂದ ಹಾಕಿದ ಓಟು ಅದು.

ಹರ್ಟ್ಸಲ್‌ಗಿಂತ ಮೊದಲು ಯಾರಿಗೂ ಈ ಯೋಚನೆ ಬಂದಿರಲಿಲ್ವಾ?

ಬಂದಿತ್ತು. ಒಡೆಸ್ಸಾದ ವೈದ್ಯ ಲಿಯಾನ್ ಪಿನ್ಸ್ಕರ್ 1882ರಲ್ಲೇ ಬರೆದ. ನಮಗೆ ಬೇಕಾದದ್ದು ನಮ್ಮದೇ ಒಂದು ನೆಲ, ಅದು ಪವಿತ್ರ ಭೂಮಿಯೇ ಆಗಬೇಕಿಲ್ಲ ಎಂದ.

ಅದಕ್ಕೂ ಹಿಂದಿನದೊಂದು ತಮಾಷೆಯ ಪ್ರಸಂಗ ಇದೆ. ನ್ಯೂಯಾರ್ಕಿನ ಮೊರ್ಡೆಕೈ ನೋವಾ ಎಂಬ ಪತ್ರಕರ್ತ ನಯಾಗರ ನದಿಯ ಗ್ರ್ಯಾಂಡ್ ಐಲೆಂಡ್ ಎಂಬ ದ್ವೀಪದಲ್ಲಿ ಯಹೂದಿಗಳಿಗೆ 'ಅರರಾತ್' ಎಂಬ ಊರು ಕಟ್ಟುತ್ತೇನೆ ಎಂದು ಹೊರಟ. 1825ರ ಸೆಪ್ಟೆಂಬರ್ 15ರಂದು ಬ್ಯಾಂಡು, ಮೆರವಣಿಗೆ, ತೋಪಿನ ಸದ್ದು. ತನ್ನನ್ನು ತಾನೇ ಇಸ್ರೇಲಿನ ನ್ಯಾಯಾಧಿಪತಿ ಅಂತ ಸಾರಿಕೊಂಡ. ಅಡಿಗಲ್ಲಿನ ಪೂಜೆ ಆದದ್ದು ದ್ವೀಪದಲ್ಲೂ ಅಲ್ಲ, ಯಹೂದಿ ಮಂದಿರದಲ್ಲೂ ಅಲ್ಲ. ಬಫಲೋ ಪಟ್ಟಣದ ಒಂದು ಚರ್ಚಿನಲ್ಲಿ! ಒಂದು ಸಂಸಾರವೂ ಅಲ್ಲಿಗೆ ಬಂದು ನೆಲೆಸಲಿಲ್ಲ. ಹೀಬ್ರೂ ಅಕ್ಷರ ಕೆತ್ತಿದ ಆ ಅಡಿಗಲ್ಲು ಮಾತ್ರ ಬಫಲೋದ ಮ್ಯೂಸಿಯಂನಲ್ಲಿ ಈಗಲೂ ಇದೆ. ಅಡಿಗಲ್ಲು ಹಾಕಿ ಮರೆತ ಯೋಜನೆಗಳು ನಮಗೇನು ಹೊಸದಲ್ಲ ಬಿಡಿ.

ಭೂಪಟ ಹಿಡಿದು ಹುಡುಕಿದ ಕಾಲ

ಅರ್ಜೆಂಟೀನಾದಲ್ಲಿ ನಿಜವಾಗಲೂ ಯಹೂದಿ ರೈತರಿದ್ದರಾ?

ಇದ್ದರು. 1889ರಲ್ಲಿ ರಷ್ಯಾದಿಂದ 800ಕ್ಕೂ ಹೆಚ್ಚು ಜನ ಒಂದೇ ಹಡಗಿನಲ್ಲಿ ಬಂದಿಳಿದರು. ಅವರು ಕಟ್ಟಿದ ಊರು ಮೊಯ್ಸೆಸ್ ವಿಲ್. ಎರಡು ವರ್ಷದ ನಂತರ ಮೌರಿಸ್ ಹಿರ್ಷ್ ಎಂಬ ಶ್ರೀಮಂತ ಒಂದು ವಸಾಹತು ಸಂಸ್ಥೆ ಕಟ್ಟಿ ಲಕ್ಷಾಂತರ ಎಕರೆ ಕೊಂಡ. ಕುದುರೆ ಮೇಲೆ ದನ ಕಾಯುವ ಯಹೂದಿಗಳು ಅಲ್ಲಿ ಹುಟ್ಟಿಕೊಂಡರು. ಮಕ್ಕಳು ಓದಿ ಬ್ಯೂನಸ್ ಐರಿಸ್ ಸೇರಿದರು. ಹಳ್ಳಿ ಖಾಲಿಯಾಯಿತು. ಹಿರ್ಷ್‌ಗೆ ಬೇಕಿದ್ದದ್ದು ದೇಶವಲ್ಲ, ಜನರಿಗೆ ಅನ್ನ. ಅವನ ದಾನ ಸಾವಿರಾರು ಸಂಸಾರಗಳಿಗೆ ಬದುಕು ಕೊಟ್ಟಿತು. ಅದನ್ನು ಸೋಲು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಸ್ರೇಲ್ ಉಗಾಂಡದಲ್ಲಿ ಆಗಬೇಕಿತ್ತಂತೆ, ನಿಜಾನಾ? ಸುಮ್ನೆ ಹೇಳ್ತಾರಾ?

ಅರ್ಧ ನಿಜ. ಜಾಗ ಉಗಾಂಡದ್ದಲ್ಲ, ಇವತ್ತಿನ ಕೀನ್ಯಾದ್ದು. ಹೆಸರು ಅಂಟಿಕೊಂಡದ್ದು ರೈಲಿನಿಂದ.

ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಬ್ರಿಟಿಷರು ಉಗಾಂಡ ರೈಲ್ವೆ ಹಾಕಿದ್ದರು. ಹಳಿ ಹಾಸಿದ್ದು ಭಾರತದಿಂದ ಕರೆದೊಯ್ದ ಸುಮಾರು 32,000 ಕೂಲಿಗಳು. ಖರ್ಚು ಸಿಕ್ಕಾಪಟ್ಟೆ ಆಗಿತ್ತು. ರೈಲು ಇತ್ತು, ಸರಕು ತುಂಬಲು ರೈತರಿರಲಿಲ್ಲ. ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲಿನ್ ಆ ರೈಲಿನಲ್ಲಿ ಕೂತು ಹೋಗುವಾಗ ತಂಪಾದ ಎತ್ತರದ ನೆಲ ನೋಡಿ, ಇದು ಡಾಕ್ಟರ್ ಹರ್ಟ್ಸಲ್‌ಗೆ ಸರಿಯಾದ ಜಾಗ ಅಂದುಕೊಂಡನಂತೆ. ಅದಕ್ಕೆ ಮೊದಲು ಸಿನಾಯ್ ಬಳಿಯ ಎಲ್ ಅರೀಶ್ ಮಾತು ನಡೆದು, ನೈಲ್ ನೀರು ಕೊಡಲಾಗದು ಎಂದು ಈಜಿಪ್ಟಿನಿಂದ ಅಡ್ಡಿ ಬಂದು ಮುರಿದಿತ್ತು. ಈಗ ಉಆಸಿನ್ ಗಿಶು ಎಂಬ ಪ್ರಸ್ಥಭೂಮಿಯಲ್ಲಿ ಸುಮಾರು 5,000 ಚದರ ಮೈಲಿ ಕೊಡುವ ಮಾತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

1903ರ ಆಗಸ್ಟ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆರನೇ ಜಿಯೋನಿಸ್ಟ್ ಮಹಾಸಭೆ. ಪ್ರತಿ ಸಲ ವೇದಿಕೆಯ ಹಿಂದೆ ಪ್ಯಾಲೆಸ್ತೀನಿನ ಭೂಪಟ ತೂಗುತ್ತಿತ್ತು. ಈ ಸಲ ಅಲ್ಲಿ ಪೂರ್ವ ಆಫ್ರಿಕಾದ ಭೂಪಟ. ಪ್ರತಿನಿಧಿಗಳಿಗೆ ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಇದು ಶಾಶ್ವತ ಮನೆಯಲ್ಲ, ರಾತ್ರಿ ತಂಗುವ ಛತ್ರ ಅಷ್ಟೇ ಎಂದು ಹರ್ಟ್ಸಲ್‌ನ ಗೆಳೆಯ ಮ್ಯಾಕ್ಸ್ ನೋರ್ಡೌ ಸಮಾಧಾನ ಮಾಡಿ ನೋಡಿದ. ಮತಕ್ಕೆ ಹಾಕಿದ್ದು ದೇಶ ಕಟ್ಟುವ ಪ್ರಶ್ನೆಯನ್ನೂ ಅಲ್ಲ, ಜಾಗ ನೋಡಿಬರಲು ಒಂದು ತಂಡ ಕಳಿಸೋಣವಾ ಅಂತ ಮಾತ್ರ. ಪರ 295, ವಿರೋಧ 178, ನೂರರ ಹತ್ತಿರ ಜನ ತಟಸ್ಥ.

ಗೆದ್ದರೂ ಗೆದ್ದ ಹಾಗಿರಲಿಲ್ಲ. ರಷ್ಯಾದ ಪ್ರತಿನಿಧಿಗಳು ಎದ್ದು ಹೊರನಡೆದರು. ಕೆಲವರು ಸಾವಿನ ಮನೆಯಲ್ಲಿ ಕೂರುವಂತೆ ನೆಲದ ಮೇಲೆ ಕೂತು ಅತ್ತರು. ನಾಲ್ಕು ತಿಂಗಳ ಹಿಂದೆ ಹೆಣ ಎತ್ತಿದ ಕಿಷಿನೇವ್‌ನಿಂದ ಬಂದವರೂ ಬೇಡ ಎಂದರು! ಹರ್ಟ್ಸಲ್‌ಗೆ ಅರ್ಥವೇ ಆಗಲಿಲ್ಲ. ಕುತ್ತಿಗೆಗೆ ಹಗ್ಗ ಬಿಗಿದಿದೆ, ಆದರೂ ಒಲ್ಲೆ ಅಂತಾರಲ್ಲ ಎಂದು ಪೇಚಾಡಿದ. ಸಭೆ ಮುಗಿಸುವಾಗ ಬಲಗೈ ಎತ್ತಿ, 'ಜೆರುಸಲೇಮೇ, ನಿನ್ನನ್ನು ಮರೆತರೆ ನನ್ನ ಬಲಗೈ ಒಣಗಿಹೋಗಲಿ' ಎಂಬ ಹಳೆಯ ಕೀರ್ತನೆಯ ಸಾಲು ಹೇಳಬೇಕಾಯಿತು. ಆ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಯುವಕ ನೋರ್ಡೌ ಮೇಲೆ ಗುಂಡು ಹಾರಿಸಿದ. ತಗಲಲಿಲ್ಲ. ಮುಂದಿನ ಜುಲೈನಲ್ಲಿ ಹರ್ಟ್ಸಲ್ ತೀರಿಕೊಂಡ, ವಯಸ್ಸು 44.

ಆ ತಂಡ ಹೋಗಿ ಏನು ನೋಡಿತು?

ಮೂರು ಜನ. ಬ್ರಿಟಿಷ್ ಮೇಜರ್ ಗಿಬನ್ಸ್, ಸ್ವಿಸ್ ಪ್ರವಾಸಿ ಆಲ್‌ಫ್ರೆಡ್ ಕೈಸರ್, ಯಹೂದಿ ಎಂಜಿನಿಯರ್ ನಹೂಮ್ ವಿಲ್ಬುಷ್. 1905ರ ಆರಂಭದಲ್ಲಿ ಹೋದರು. ಗಿಬನ್ಸ್, ಸ್ವಲ್ಪ ಜನ ಬದುಕಬಹುದು ಎಂದ. ವಿಲ್ಬುಷ್ ಕಡ್ಡಿ ಮುರಿದಂತೆ ಆಗದು ಎಂದ. ಅವನು ಹೋಗುವ ಮೊದಲೇ ಪ್ಯಾಲೆಸ್ತೀನ್ ಪಕ್ಷದವನು ಅನ್ನುವುದನ್ನು ಮರೆಯಬಾರದು. ಮುಂದೆ ಹೈಫಾದಲ್ಲಿ ಎಣ್ಣೆ ಕಾರ್ಖಾನೆ ಕಟ್ಟಿದ. ಇತ್ತ ಕೀನ್ಯಾದ ಬಿಳಿಯ ಜಮೀನ್ದಾರರು ಯಹೂದಿಗಳು ಬೇಡ ಎಂದು ಲಂಡನ್ನಿಗೆ ತಂತಿ ಹೊಡೆಯುತ್ತಿದ್ದರು. 1905ರ ಏಳನೇ ಮಹಾಸಭೆ ಯೋಜನೆಯನ್ನು ಕೈಬಿಟ್ಟಿತು.

ಮೂರು ವರ್ಷ ಕಳೆದು ದಕ್ಷಿಣ ಆಫ್ರಿಕಾದ ಬೋಯರರು, ಅಂದರೆ ಡಚ್ ಮೂಲದ ಬಿಳಿಯ ರೈತರು, ಎತ್ತಿನ ಬಂಡಿಗಳಲ್ಲಿ ಅದೇ ನೆಲಕ್ಕೆ ಬಂದರು. ಇವತ್ತು ಅಲ್ಲಿರುವ ಪಟ್ಟಣ ಎಲ್ಡೊರೆಟ್. ಒಲಿಂಪಿಕ್ಸ್ ಓಟಗಾರರ ಊರು.

ಉಗಾಂಡ ಬೇಕು ಅಂದವರು ಆಮೇಲೆ ಸುಮ್ಮನಾದ್ರಾ?

ಇಲ್ಲ. ಲಂಡನ್ನಿನ ಲೇಖಕ ಇಸ್ರೇಲ್ ಝಾಂಗ್ವಿಲ್ ಸಿಟ್ಟಿನಿಂದ ಹೊರಬಂದು ಬೇರೆ ಸಂಘಟನೆ ಕಟ್ಟಿದ. ಎಲ್ಲಾದರೂ ಸರಿ, ಸ್ವಂತ ಆಡಳಿತವಿರುವ ನೆಲ ಸಿಗಲಿ ಎಂಬುದು ಅವರ ಮಾತು. ಅದಕ್ಕೇ ಅವರನ್ನು ಟೆರಿಟೋರಿಯಲಿಸ್ಟರು ಎನ್ನುತ್ತಾರೆ. ನೆಲವಾದಿಗಳು ಅನ್ನೋಣ.

1908ರಲ್ಲಿ ಲಿಬಿಯಾದ ಸಿರೆನೈಕಾಕ್ಕೆ ಭೂವಿಜ್ಞಾನಿಯನ್ನು ಕಳಿಸಿದರು. ನೀರಿಲ್ಲ ಎಂಬ ವರದಿ ಬಂತು. 1912ರಲ್ಲಿ ಅಂಗೋಲಾ. ಪೋರ್ಚುಗಲ್‌ನ ಕೆಳಮನೆ ಮಸೂದೆಯನ್ನೂ ಒಪ್ಪಿತ್ತು. ಆದರೆ ಕೊಡಲು ಹೊರಟಿದ್ದು ಜಮೀನು, ಆಡಳಿತವಲ್ಲ. ಯುದ್ಧ ಶುರುವಾಗಿ ಅದೂ ನಿಂತಿತು. ಕೈಗೂಡಿದ್ದು ಒಂದೇ. 1907ರಿಂದ 1914ರವರೆಗೆ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನ ಮೂಲಕ ಸುಮಾರು 10,000 ಜನರನ್ನು ಅಮೆರಿಕದ ಒಳನಾಡಿಗೆ ಕಳಿಸಿದ್ದು. 1925ರಲ್ಲಿ ಸಂಘಟನೆಗೆ ಬೀಗ ಬಿತ್ತು.

ರಷ್ಯಾದಲ್ಲಿ ಈಗಲೂ ಒಂದು ಯಹೂದಿ ಪ್ರಾಂತ್ಯ ಇದೆಯಂತೆ?

ಇದೆ. ಬಿರೊಬಿಜಾನ್. ಚೀನಾ ಗಡಿಯ ಅಮೂರ್ ನದಿಯ ದಂಡೆ, ಮಾಸ್ಕೋದಿಂದ ರೈಲಿನಲ್ಲಿ 8,000 ಕಿಲೋಮೀಟರಿಗೂ ಹೆಚ್ಚು. ವಿಸ್ತಾರ ಸುಮಾರು 36,000 ಚದರ ಕಿ.ಮೀ., ಕೇರಳಕ್ಕಿಂತ ಸ್ವಲ್ಪ ಚಿಕ್ಕದು.

1928ರಲ್ಲಿ ಸೋವಿಯತ್ ಸರ್ಕಾರ ಇದನ್ನು ಯಹೂದಿಗಳ ನೆಲೆಗೆ ಗೊತ್ತು ಮಾಡಿತು. 1934ರಲ್ಲಿ ಸ್ವಾಯತ್ತ ಪ್ರಾಂತ್ಯ ಎಂದು ಘೋಷಿಸಿತು. ಜಪಾನಿನ ಕಡೆಯ ಗಡಿಗೆ ಜನ ತುಂಬಬೇಕಿತ್ತು, ಜಿಯೋನಿಸಂಗೆ ಎದುರಾಗಿ ಒಂದು ಅಂಗಡಿಯನ್ನೂ ತೆರೆಯಬೇಕಿತ್ತು. ಹೀಬ್ರೂ ಇಲ್ಲ, ದೇವರಿಲ್ಲ, ಭಾಷೆ ಯಿದ್ದಿಷ್. ಪೂರ್ವ ಯುರೋಪಿನ ಯಹೂದಿಗಳ ಮನೆಮಾತು ಅದು. ಹೋದವರಿಗೆ ಸಿಕ್ಕಿದ್ದು ಜೌಗು, ಸೊಳ್ಳೆ, ಮೈ ಕೊರೆಯುವ ಚಳಿ. ದರ್ಜಿಗಳೂ ಚಮ್ಮಾರರೂ ಕಾಡು ಕಡಿಯಬೇಕಾಯಿತು. ಬಹಳ ಜನ ವಾಪಸ್ ಹೊರಟರು. 1939ರಲ್ಲಿ ಅಲ್ಲಿದ್ದ ಯಹೂದಿಗಳು ಸುಮಾರು 18,000, ಒಟ್ಟು ಜನರಲ್ಲಿ ಆರನೇ ಒಂದು ಪಾಲು. ಯುದ್ಧದ ನಂತರ ಸ್ವಲ್ಪ ಏರಿತು. ಅಷ್ಟರಲ್ಲಿ ಸ್ಟಾಲಿನ್ ಕಟ್ಟಿದ್ದನ್ನು ತಾನೇ ಕೆಡವಿದ. ಪ್ರಾಂತ್ಯದ ನಾಯಕರು 1930ರ ದಶಕದಲ್ಲಿ ಒಮ್ಮೆ, 1948ರ ನಂತರ ಇನ್ನೊಮ್ಮೆ ಜೈಲು ಪಾಲಾದರು. ಯಿದ್ದಿಷ್ ಶಾಲೆಗಳು ಮುಚ್ಚಿದವು.

ಈಗ ಅಲ್ಲಿ ಯಹೂದಿಗಳು ಸಾವಿರಕ್ಕೂ ಕಮ್ಮಿ. ಆದರೂ ರೈಲ್ವೆ ಸ್ಟೇಷನ್ನಿನ ಮೇಲೆ ಊರಿನ ಹೆಸರು ರಷ್ಯನ್ ಜೊತೆ ಯಿದ್ದಿಷ್ ಲಿಪಿಯಲ್ಲೂ ಇದೆ. ಎದುರಿನ ಚೌಕದಲ್ಲಿ ಕವಲೊಡೆದ ದೊಡ್ಡ ದೀಪಸ್ತಂಭ. ಬೋರ್ಡು ಉಳಿಯಿತು, ಓದುವವರು ಹೋದರು.

ಹಿಟ್ಲರ್ ಯಹೂದಿಗಳಿಗೆ ಮಡಗಾಸ್ಕರ್ ಕೊಡಲು ಒಪ್ಪಿದ್ದನಂತೆ?

'ಕೊಡಲು' ಅನ್ನುವ ಪದ ಇಲ್ಲಿ ಸಲ್ಲದು. 1937ರಲ್ಲಿ ಪೋಲೆಂಡ್ ಸರ್ಕಾರ ಅಲ್ಲಿಗೆ ತಂಡ ಕಳಿಸಿದ್ದು ಹೌದು. 1940ರಲ್ಲಿ ನಾಜಿ ಅಧಿಕಾರಿಗಳು ಹಾಕಿದ ಲೆಕ್ಕ ಬೇರೆ. ಲಕ್ಷಾಂತರ ಜನರನ್ನು ಪೊಲೀಸ್ ಕಾವಲಿನ ದ್ವೀಪಕ್ಕೆ ಸಾಗಿಸಿ ಅಲ್ಲೇ ಸಾಯಲು ಬಿಡುವುದು. ಅದು ದೇಶವಲ್ಲ, ಜೈಲು. ಬ್ರಿಟನ್ ಸೋಲಲಿಲ್ಲ, ಸಮುದ್ರದ ದಾರಿ ಸಿಗಲಿಲ್ಲ, ಯೋಜನೆ ಬಿದ್ದುಹೋಯಿತು. ಇದನ್ನು ಉಗಾಂಡದ ಪಕ್ಕದಲ್ಲಿ ಇಟ್ಟು ಮಾತಾಡುವುದೇ ತಪ್ಪು.

ಆ ಕಷ್ಟ ಕಾಲದಲ್ಲಾದರೂ ಯಾರೂ ಜಾಗ ಕೊಡಲಿಲ್ವಾ?

1938ರ ಜುಲೈಯಲ್ಲಿ ಫ್ರಾನ್ಸ್‌ನ ಎವಿಯಾನ್‌ನಲ್ಲಿ 32 ದೇಶಗಳು ಸೇರಿದವು. ಒಂದಾದ ಮೇಲೊಂದು ಕನಿಕರ ತೋರಿಸಿ ಬಾಗಿಲು ಹಾಕಿಕೊಂಡವು. ಒಂದು ಲಕ್ಷ ಜನ ಬರಲಿ ಎಂದದ್ದು ಡೊಮಿನಿಕನ್ ರಿಪಬ್ಲಿಕ್‌ನ ಸರ್ವಾಧಿಕಾರಿ ಟ್ರುಹಿಯೊ. ಹಿಂದಿನ ವರ್ಷ ಸಾವಿರಾರು ಹೈಟಿಯನ್ನರನ್ನು ಕೊಲ್ಲಿಸಿ ಹೆಸರು ಕೆಡಿಸಿಕೊಂಡಿದ್ದ, ಮುಖ ತೊಳೆದುಕೊಳ್ಳಬೇಕಿತ್ತು. ಕೊನೆಗೆ ಸೊಸುವಾ ಎಂಬ ಕಡಲೂರಿಗೆ ತಲುಪಿದವರು ಕೆಲವು ನೂರು ಜನ. ವಿಯೆನ್ನಾ, ಬರ್ಲಿನ್ನಿನ ನಗರವಾಸಿಗಳು ಹಸು ಕಟ್ಟಲು ಕಲಿತರು. ಅವರ ಬೆಣ್ಣೆ, ಚೀಸ್ ಆ ದೇಶದಲ್ಲೆಲ್ಲ ಹೆಸರಾಯಿತು.

ಆಸ್ಟ್ರೇಲಿಯಾದ ಕಿಂಬರ್ಲಿ ಇನ್ನೊಂದು ಪ್ರಯತ್ನ. ಲೆನಿನ್ ಸರ್ಕಾರದಲ್ಲಿ ಕೆಲವು ತಿಂಗಳು ನ್ಯಾಯಮಂತ್ರಿಯಾಗಿದ್ದ ಐಸಾಕ್ ಸ್ಟೈನ್‌ಬರ್ಗ್ 1939ರಲ್ಲಿ ಅಲ್ಲಿಗೆ ಹೋಗಿ 70 ಲಕ್ಷ ಎಕರೆಯ ಜಾಗ ನೋಡಿದ. ಚರ್ಚು, ಕಾರ್ಮಿಕ ಸಂಘ, ಪತ್ರಿಕೆಗಳನ್ನೆಲ್ಲ ಒಪ್ಪಿಸಿದ. 1944ರ ಜುಲೈಯಲ್ಲಿ ಪ್ರಧಾನಿ ಕರ್ಟಿನ್, ಪರಕೀಯರ ಪ್ರತ್ಯೇಕ ವಸಾಹತಿಗೆ ಅವಕಾಶವಿಲ್ಲ ಎಂದುಬಿಟ್ಟ. ಆ ಹೊತ್ತಿಗೆ ಬರಬೇಕಾದವರಲ್ಲಿ ಬಹುಪಾಲು ಬದುಕಿರಲಿಲ್ಲ. ಇತ್ತ ಪ್ಯಾಲೆಸ್ತೀನ್ ಬಾಗಿಲನ್ನೂ ಆಗ ಅದನ್ನು ಆಳುತ್ತಿದ್ದ ಬ್ರಿಟನ್ 1939ರಲ್ಲೇ ಐದು ವರ್ಷಕ್ಕೆ 75,000 ಜನ ಎಂದು ಕಿರಿದು ಮಾಡಿತ್ತು.

ಇನ್ನೂ ಸ್ವಲ್ಪ ಆಳಕ್ಕೆ

ದೇಶವೇ ಬೇಡ ಅಂದ ಯಹೂದಿಗಳೂ ಇದ್ದರಾ?

ಬೇಕಾದಷ್ಟು. ಜಿಯೋನಿಸ್ಟರ ಮೊದಲ ಮಹಾಸಭೆ ನಡೆದ 1897ರಲ್ಲೇ ವಿಲ್ನಾದಲ್ಲಿ ಬುಂಡ್ ಎಂಬ ಕಾರ್ಮಿಕ ಪಕ್ಷ ಹುಟ್ಟಿತು. ಅವರ ಮಂತ್ರ ಯಿದ್ದಿಷ್‌ನ 'ದೊಯ್ಕೈತ್'. ಇಲ್ಲಿತನ ಅಂತ ಕನ್ನಡಿಸಬಹುದು. ನಾವು ಇಲ್ಲಿಯವರು, ಹೋರಾಟ ಇಲ್ಲೇ. ಇತಿಹಾಸಕಾರ ಸೈಮನ್ ಡುಬ್ನೋವ್, ಇರುವ ದೇಶಗಳಲ್ಲೇ ನಮ್ಮ ಶಾಲೆ, ಭಾಷೆ, ಸಂಸ್ಥೆಗಳಿಗೆ ಸ್ವಾಯತ್ತತೆ ಸಾಕು ಎಂದ. 1941ರಲ್ಲಿ ಎಂಬತ್ತೊಂದನೇ ವಯಸ್ಸಿನಲ್ಲಿ ಅವನನ್ನು ನಾಜಿಗಳು ರೀಗಾದಲ್ಲಿ ಕೊಂದರು. ಬುಂಡ್‌ನ ಜನರೂ ಹಾಗೆಯೇ ಹೋದರು. ಈ ಹಾದಿ ಸೋತಿದ್ದು ವಾದದಲ್ಲಲ್ಲ. ನಡೆಯುವವರನ್ನೇ ಮುಗಿಸಿದರು.

ಮಡಿವಂತ ರಬ್ಬಿಗಳಲ್ಲಿ, ಅಂದರೆ ಯಹೂದಿ ಧರ್ಮಗುರುಗಳಲ್ಲಿ, ಅನೇಕರು ಬೇರೆ ಕಾರಣಕ್ಕೆ ವಿರೋಧಿಸಿದರು. ದೇವರು ಕಳಿಸುವ ರಕ್ಷಕ ಮೆಸ್ಸಿಹ ಬರುವ ಮುಂಚೆ ಮನುಷ್ಯರೇ ರಾಜ್ಯ ಕಟ್ಟುವುದು ದೇವರ ಕೆಲಸಕ್ಕೆ ಕೈ ಹಾಕಿದಂತೆ ಎಂದು.

ಪ್ಯಾಲೆಸ್ತೀನ್ ಆಗ ಖಾಲಿ ಇತ್ತು ಅಂತಾರಲ್ಲ?

ಇರಲಿಲ್ಲ. 1922ರ ಬ್ರಿಟಿಷ್ ಜನಗಣತಿಯಲ್ಲಿ ಒಟ್ಟು 7.5 ಲಕ್ಷ ಚಿಲ್ಲರೆ ಜನ, ಯಹೂದಿಗಳು ಸುಮಾರು 84,000. 'ಜನರಿಲ್ಲದ ನೆಲ' ಎಂಬ ಮಾತನ್ನು ಹರಡಿದವರಲ್ಲಿ ಝಾಂಗ್ವಿಲ್ ಒಬ್ಬ. ಅಲ್ಲಿ ಆಗಲೇ ಜನ ದಟ್ಟವಾಗಿದ್ದಾರೆ ಎಂದು ಆಮೇಲೆ ಒಪ್ಪಿಕೊಂಡವನೂ ಅವನೇ. ಅವನು ನೆಲವಾದಿಯಾಗಲು ಅದೂ ಒಂದು ಕಾರಣ.

ಜೆರುಸಲೇಮಿನ ಮಾಜಿ ಮೇಯರ್ ಯೂಸುಫ್ ಝಿಯಾ ಅಲ್ ಖಾಲಿದಿ 1899ರಲ್ಲೇ ಕಾಗದ ಬರೆದಿದ್ದ. ಯಹೂದಿಗಳಿಗೆ ಈ ನೆಲದ ಮೇಲಿರುವ ಹಳೆಯ ನಂಟನ್ನು ಅವನು ಅಲ್ಲಗಳೆಯಲಿಲ್ಲ. ಆದರೆ ಇಲ್ಲಿ ಜನ ಇದ್ದಾರೆ, ಜಗತ್ತಿನಲ್ಲಿ ಜನರಿಲ್ಲದ ಬೇರೆ ನೆಲಗಳಿವೆ, ದೇವರಾಣೆ ಪ್ಯಾಲೆಸ್ತೀನನ್ನು ಬಿಟ್ಟುಬಿಡಿ ಎಂದ. ನೋಡಿ, ನೀವು ಕೇಳುವ ಪ್ರಶ್ನೆಯನ್ನೇ ಅವನೂ ಕೇಳಿದ್ದ. ಬಂದವರಿಂದ ನಿಮಗೆ ಲಾಭವೇ ಆಗುತ್ತದೆ ಎಂದು ಹರ್ಟ್ಸಲ್ ಉತ್ತರ ಬರೆದ. 1948ರ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು.

ಇಬ್ಬರೂ ಒಂದೇ ದೇಶದಲ್ಲಿ ಇರೋಣ ಅಂತ ಯಾರೂ ಹೇಳಲಿಲ್ವಾ? ಭಾರತ ಏನಂತು?

ಹೇಳಿದರು. 1925ರಲ್ಲಿ ಜೆರುಸಲೇಮಿನ ಕೆಲವು ಯಹೂದಿ ಪಂಡಿತರು 'ಬ್ರಿತ್ ಶಾಲೋಂ' ಎಂಬ ಸಂಘ ಕಟ್ಟಿ ಎರಡು ಜನಾಂಗಗಳ ಒಂದೇ ರಾಜ್ಯ ಬೇಕು ಎಂದರು. ಹೀಬ್ರೂ ವಿಶ್ವವಿದ್ಯಾಲಯದ ಮುಖ್ಯಸ್ಥ ಜೂಡಾ ಮ್ಯಾಗ್ನೆಸ್ ಕೊನೆಯವರೆಗೂ ಅದೇ ಹಟ ಹಿಡಿದ. ಅರಬರ ಕಡೆಯಿಂದ ಕೈ ಚಾಚಿದವರು ಬಹಳ ಕಮ್ಮಿ, ಯಹೂದಿಗಳಲ್ಲೂ ಇವರು ಬೆರಳೆಣಿಕೆಯಷ್ಟೇ.

1947ರಲ್ಲಿ ವಿಶ್ವಸಂಸ್ಥೆ ನೇಮಿಸಿದ 11 ದೇಶಗಳ ಸಮಿತಿಯಲ್ಲಿ ಭಾರತವೂ ಇತ್ತು. ಬಹುಮತ ವಿಭಜನೆ ಎಂದಿತು. ಭಾರತ, ಇರಾನ್, ಯುಗೊಸ್ಲಾವಿಯ ಮಾತ್ರ ಒಕ್ಕೂಟ ದೇಶ ಆಗಲಿ, ಜೆರುಸಲೇಂ ಅದರ ರಾಜಧಾನಿಯಾಗಲಿ ಎಂದವು. ನಮ್ಮಲ್ಲೇ ದೇಶ ಹೋಳಾಗುತ್ತಿದ್ದ ವರ್ಷ ಅದು. ನವೆಂಬರ್ 29ರಂದು ವಿಭಜನೆಯ ಪರ 33, ವಿರೋಧ 13. ಆ 13ರಲ್ಲಿ ಭಾರತವೂ ಒಂದು. ಇಸ್ರೇಲನ್ನು ಮಾನ್ಯ ಮಾಡಿದ್ದು 1950ರಲ್ಲಿ, ಪೂರ್ಣ ರಾಜತಾಂತ್ರಿಕ ಸಂಬಂಧ 1992ರಲ್ಲಿ.

ಗಾಂಧೀಜಿ ವಿರೋಧವಾಗಿದ್ದರಾ?

1938ರ ನವೆಂಬರ್‌ನಲ್ಲಿ 'ಹರಿಜನ' ಪತ್ರಿಕೆಯಲ್ಲಿ ಬರೆದರು. ನನ್ನ ಅನುಕಂಪವೆಲ್ಲ ಯಹೂದಿಗಳ ಕಡೆಗಿದೆ, ಆದರೆ ಇಂಗ್ಲೆಂಡ್ ಇಂಗ್ಲಿಷರದಾದ ಹಾಗೆ ಪ್ಯಾಲೆಸ್ತೀನ್ ಅರಬರದು ಎಂದರು. ಜರ್ಮನಿಯ ಯಹೂದಿಗಳಿಗೆ ಸತ್ಯಾಗ್ರಹದ ಸಲಹೆ ಕೊಟ್ಟರು. ಮರುವರ್ಷ ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ನೊಂದು ಉದ್ದದ ಉತ್ತರ ಬರೆದ. ಆ ಸಲಹೆಯ ವಿಷಯದಲ್ಲಿ ನಾನು ಬೂಬರ್ ಕಡೆ. ಎದುರಾಳಿಗೆ ಸ್ವಲ್ಪವಾದರೂ ನಾಚಿಕೆ ಇದ್ದರೆ ತಾನೇ ಸತ್ಯಾಗ್ರಹ?

ಮೈಸೂರು ಲ್ಯಾನ್ಸರ್ಸ್ ಇಸ್ರೇಲ್ ಹುಟ್ಟಿಗೆ ಕಾರಣ ಅಂತ ಓದಿದೆ. ಹೌದಾ?

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಈಟಿ ಹಿಡಿದು ಮೆಷಿನ್ ಗನ್ನುಗಳ ಎದುರು ನುಗ್ಗಿ ಹೈಫಾ ಗೆದ್ದದ್ದು ನಿಜ. ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಅಲ್ಲಿನ ತೋಪುಗಳನ್ನು ಹಿಡಿದವರು ಮೈಸೂರಿನವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ಹೋಗಿ ನೋಡಿ. ಆದರೆ ಅವರು ಹೋರಾಡಿದ್ದು ಬ್ರಿಟಿಷರ ಪರ, ತುರ್ಕರ ವಿರುದ್ಧ. ಇಸ್ರೇಲ್ ಹುಟ್ಟಲು ಇನ್ನೂ 30 ವರ್ಷ ಇತ್ತು. ಹಿಂದಿನ ವರ್ಷದ ನವೆಂಬರಿನಲ್ಲೇ ಬ್ರಿಟಿಷ್ ವಿದೇಶಾಂಗ ಮಂತ್ರಿ ಬಾಲ್ಫರ್ ಯಹೂದಿಗಳಿಗೆ 'ರಾಷ್ಟ್ರೀಯ ಮನೆ' ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತು ಕೊಟ್ಟಾಗಿತ್ತು. ಚಾಮರಾಜನಗರವೋ ಚಿತ್ರದುರ್ಗವೋ ಬಿಟ್ಟು ಹೋದ ಸವಾರನಿಗೆ ಅದರ ಗಾಳಿಯೂ ಸೋಕಿರಲಾರದು.

ಉಗಾಂಡ ಒಪ್ಪಿಕೊಂಡಿದ್ದರೆ ಇವತ್ತಿನ ಜಗಳವೇ ಇರುತ್ತಿರಲಿಲ್ಲ, ಅಲ್ವಾ?

ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಬಾಸೆಲ್‌ನಲ್ಲಿ ಅಷ್ಟು ಅತ್ತರಲ್ಲ, ಅವರಲ್ಲಿ ಯಾರಾದರೂ ಉಆಸಿನ್ ಗಿಶು ಸುತ್ತಮುತ್ತ ಯಾರಿದ್ದಾರೆ ಎಂದು ಕೇಳಿದರೇ? ಅದು ಮಸಾಯಿಗಳು ದನ ಮೇಯಿಸುತ್ತಿದ್ದ ಹುಲ್ಲುಗಾವಲು. ಪಕ್ಕದಲ್ಲೇ ನಂದಿ ಎಂಬ ಜನ. ನಮ್ಮ ನಂದಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಅಲ್ಲೂ ಒಂದು ನಂದಿ ಹಿಲ್ಸ್ ಇದೆ, ಟೀ ಬೆಳೆಯುತ್ತಾರೆ. ಆ ನಂದಿ ಜನ ರೈಲು ಹಳಿಗೂ ಬ್ರಿಟಿಷರಿಗೂ ಎದುರಾಗಿ 1895ರಿಂದ ಹೋರಾಡುತ್ತಿದ್ದರು. ಭೂಪಟದಲ್ಲಿ ಮಾತ್ರ ಆ ಜಾಗ ಖಾಲಿ. ಕಿಂಬರ್ಲಿಯಲ್ಲೂ ಹಾಗೇ, ಅಲ್ಲಿನ ಮೂಲನಿವಾಸಿಗಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಏಳನೇ ಮಹಾಸಭೆ ಉಗಾಂಡವನ್ನು ಕೈಬಿಟ್ಟು ಮೂರು ತಿಂಗಳೂ ಆಗಿರಲಿಲ್ಲ. 1905ರ ಅಕ್ಟೋಬರ್ 19ರಂದು ನಂದಿಗಳ ನಾಯಕ ಕೊಯಿಟಲೆಲ್‌ನನ್ನು ಸಂಧಾನಕ್ಕೆ ಎಂದು ಕರೆಸಿ ಒಬ್ಬ ಬ್ರಿಟಿಷ್ ಅಧಿಕಾರಿ ಗುಂಡಿಟ್ಟು ಕೊಂದ. ಅವನ ಹೆಸರು ರಿಚರ್ಡ್ ಮೈನರ್ಟ್ಸ್‌ಹಾಗನ್. 1917ರಲ್ಲಿ ಅವನು ಪ್ಯಾಲೆಸ್ತೀನಿನ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಗುಪ್ತಚರ ಅಧಿಕಾರಿ. ಯುದ್ಧ ಮುಗಿದ ಮೇಲೆ ಅಲ್ಲಿಯೇ ಮುಖ್ಯ ರಾಜಕೀಯ ಅಧಿಕಾರಿಯಾದ. ಬ್ರಿಟಿಷರಲ್ಲಿ ಜಿಯೋನಿಸ್ಟರಿಗೆ ಅವನಷ್ಟು ಗಟ್ಟಿ ಬೆಂಬಲಿಗರು ಹೆಚ್ಚಿರಲಿಲ್ಲ.